ಚುಟ್ಟದ ಕಣಜ

ಕನ್ನಡದಲ್ಲಿ ಎಂ.ಎ. ಮಾಡಿದವನ ಮೇಲೆ ಲೋಕವು ಹೊರಿಸುವ ಹೊರೆಗಳಲ್ಲಿ ನಾಮಕರಣವೂ ಒಂದು. ನೆರೆಮನೆಯ ಮಗುವಿಗೆ ಹೆಸರು, ಗೆಳೆಯನ ಹೊಸ ಮನೆಗೆ ಹೆಸರು, ಪೇಟೆಯಲ್ಲಿ ತೆರೆದ ತಿಂಡಿಯಂಗಡಿಗೆ ಹೆಸರು, ಎಲ್ಲಕ್ಕೂ ಜನ ನಮ್ಮ ಬಾಗಿಲನ್ನೇ ತಟ್ಟುತ್ತಾರೆ. ಆದುದರಿಂದ ಕಳೆದ ಫಾಲ್ಗುಣದ ಒಂದು ಸಂಜೆ ಪಾವಗಡದಿಂದ ನಮ್ಮ ಭಾವನವರು ದೂರವಾಣಿಯಲ್ಲಿ ಕರೆದು, "ಏನಯ್ಯ ಪಂಡಿತ, ಹ್ಯೂಮಿಡಾರ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ?" ಎಂದು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ವಸ್ತುವೇ ಏನೆಂದು ತಿಳಿಯದಿದ್ದುದರಿಂದ ಸ್ವಲ್ಪ ನಾಚಿಕೆಯಾಯಿತು, ಅಷ್ಟೆ.

"ಸಿಗಾರು ಇಡುವ ಪೆಟ್ಟಿಗೆ ಕಣಯ್ಯ. ಬರಿಯ ಪೆಟ್ಟಿಗೆಯಲ್ಲ, ಒಳಗಿನ ಗಾಳಿಯಲ್ಲಿ ತೇವವನ್ನು ಒಂದೇ ಸಮನಾಗಿ ಉಳಿಸುವ ಪೆಟ್ಟಿಗೆ. ಇರುವುದು ಸಾಲದಾಗಿದೆ, ದೊಡ್ಡದೊಂದು ಬೇಕು. ಶಿರಾದ ಆಚಾರ್ರಿಂದ ಮಾಡಿಸೋಣವೆಂದರೆ ಹೆಸರೇ ಇಲ್ಲದ ಪದಾರ್ಥವನ್ನು ಮಾಡಿಕೊಡಿ ಎಂದು ಹೇಗೆ ಕೇಳಲಿ?"

ನಾನು ಒಂದು ಕ್ಷಣ ಯೋಚಿಸಿ, "ಆರ್ದ್ರತಾರಕ್ಷಕ ಪೇಟಿಕೆ" ಎಂದೆ.

ಅತ್ತ ಕಡೆ ಮೌನ. ಬಳಿಕ, "ಯಜ್ಞದ ಸಾಮಗ್ರಿ ಅಂದುಕೊಂಡಾರು" ಎಂಬ ಉತ್ತರ. ಅಷ್ಟರಲ್ಲಿ ಯಂತ್ರವು ಕೈ ಬದಲಾಯಿಸಿತೆಂದು ತೋರುತ್ತದೆ, ಅಕ್ಕನ ಧ್ವನಿ ಕೇಳಿಸಿತು: "ನೋಡೋ, ಹೆಸರೂ ಬೇಡ, ಪೆಟ್ಟಿಗೆಯೂ ಬೇಡ. ಭಾನುವಾರ ಅಮ್ಮನನ್ನು ಕರೆದುಕೊಂಡು ಬಾ. ಇವರ ಹತ್ತಿರ ಮಾತಾಡೋದಿದೆ."

ಅಕ್ಕನ ಧ್ವನಿಯಲ್ಲಿದ್ದುದು ಕೋಪವಲ್ಲ, ಅಂಜಿಕೆ ಎಂಬುದು ನನಗೆ ತಿಳಿಯಿತು. ಅದರ ಕಾರಣವನ್ನು ಓದುಗರಿಗೂ ಹೇಳಬೇಕು. ನಮ್ಮ ಭಾವನವರು ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿ ಇಪ್ಪತ್ತೆಂಟು ವರ್ಷ ದುಡಿದವರು. ಕಡಲಿನಿಂದ ಅವರು ತಂದ ಆಸ್ತಿ ಎರಡೇ: ಮೊಳಕಾಲಿನ ನೋವು ಮತ್ತು ಸಿಗಾರಿನ ಅಭ್ಯಾಸ. ಮೂರು ವರ್ಷಗಳ ಹಿಂದೆ ಒಂದು ರಾತ್ರಿ ಎದೆನೋವು ಬಂದು ಆಸ್ಪತ್ರೆ ಸೇರಿದರು. ಇನ್ನು ಒಂದನ್ನೂ ಸೇದಕೂಡದೆಂದು ವೈದ್ಯರು ಹೇಳಿದರು. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲವೆಂದು ಭಾವನವರು ವಾದಿಸಿದರೆ, ಬಾಯಿ, ಗಂಟಲು, ಹೃದಯ ಇವು ಮೂರಕ್ಕೂ ಆ ಹೊಗೆ ಕೆಟ್ಟದ್ದೇ ಎಂದು ಅವರು ಖಂಡಿತವಾಗಿ ನುಡಿದರು. ದಿನಕ್ಕೊಂದು ಸೇದುತ್ತಿದ್ದವರು ಬಿಡಲಾರದೆ, ವೈದ್ಯರ ಮಾತನ್ನು ಪೂರ್ತಿ ಮೀರಲೂ ಆರದೆ, ಅಕ್ಕನೊಡನೆ ಒಂದು ಒಪ್ಪಂದಕ್ಕೆ ಬಂದರು: ಭಾನುವಾರಕ್ಕೆ ಒಂದು, ಅದೂ ಹಿತ್ತಲಿನ ಬೇವಿನ ಮರದ ಕೆಳಗೆ. ವೈದ್ಯರಿಗೆ ಒಪ್ಪಿಗೆಯಾಗದ ಈ ಒಪ್ಪಂದ ಮೂರು ವರ್ಷ ನಡೆದುಬಂದಿತ್ತು. ಈಗ ಇದ್ದಕ್ಕಿದ್ದಂತೆ ದೊಡ್ಡ ಪೆಟ್ಟಿಗೆಯ ಮಾತು ಬಂದರೆ ಹೆಂಡತಿಯಾದವಳು ಏನೆಂದು ತಿಳಿಯಬೇಕು?

ಭಾನುವಾರ ಬೆಳಿಗ್ಗೆ ಅಮ್ಮನೊಡನೆ ಮಧುಗಿರಿಯಿಂದ ಹೊರಟೆ. ಬಸ್ಸಿನ ಕಿಟಕಿಯಿಂದ ನಮ್ಮ ಏಕಶಿಲೆಯ ಬೆಟ್ಟ ಬಹಳ ದೂರದವರೆಗೂ ಕಾಣುತ್ತದೆ. ಜೇನಿನಿಂದ ಬಂದ ಹೆಸರು ಅದು. ಅಂದು ಬೆಟ್ಟವನ್ನು ನೋಡುತ್ತ ನನಗೊಂದು ವಿಚಾರ ಹೊಳೆಯಿತು. ಹೂವಿನಿಂದ ತಂದ ನೀರುನೀರಾದ ರಸವನ್ನು ಜೇನುಹುಳು ಹಾಗೆಯೇ ಮುಚ್ಚಿಡುವುದಿಲ್ಲ. ರೆಕ್ಕೆ ಬೀಸಿ ಬೀಸಿ ಆರಿಸಿ, ತೇವಾಂಶವು ನೂರಕ್ಕೆ ಸುಮಾರು 18ರಷ್ಟಕ್ಕೆ ಇಳಿದ ಮೇಲೆಯೇ ಕಣ್ಣಿಗೆ ಮೇಣದ ಮುಚ್ಚಳ ಹಾಕುತ್ತದೆ. ಅದಕ್ಕಿಂತ ಹಸಿಯಾಗಿದ್ದರೆ ಜೇನು ಹುಳಿಯುತ್ತದೆ. ಹಾಗಾದರೆ ಭಾವನವರ ಪೆಟ್ಟಿಗೆಯೇನೂ ಹೊಸ ವಸ್ತುವಲ್ಲ. ಅದರ ಮೊದಲ ಆಚಾರಿ ನಮ್ಮ ಬೆಟ್ಟದ ಮೇಲೆಯೇ ಇದ್ದಾನೆ. ಇಡುವ ಪಾತ್ರೆ ಯಾವುದಾದರೂ ಆಗಲಿ, ಕಾಯಬೇಕಾದುದು ಪದಾರ್ಥವನ್ನಲ್ಲ, ಪದಾರ್ಥದ ಹದವನ್ನು.

ಪಾವಗಡ ಹತ್ತಿರವಾದಂತೆ ಗಾಳಿ ಒಣಗುತ್ತ ಹೋಯಿತು. ಆ ಸೀಮೆಯ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. 2018ರಲ್ಲಿ ಆರಂಭವಾಗಿ, ತಿರುಮಣಿಯ ಸುತ್ತಣ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ ಹರಡಿ, 2,050 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆದ ಸೌರವಿದ್ಯುತ್ ಕ್ಷೇತ್ರವೇ ಅದಕ್ಕೆ ಸಾಕ್ಷಿ. ಬಿಸಿಲನ್ನೇ ಬೆಳೆಯಾಗಿ ಕೊಯ್ಯುವ ಆ ಊರಿನಲ್ಲಿ ತೇವವನ್ನು ಪೆಟ್ಟಿಗೆಯಲ್ಲಿ ಕೂಡಿಡಲು ಹೊರಟವರು ನಮ್ಮ ಭಾವನವರು.

ಊಟವಾದ ಮೇಲೆ ಹಳೆಯ ಪೆಟ್ಟಿಗೆ ನಡುಮನೆಗೆ ಬಂದಿತು. ಐವತ್ತು ಸಿಗಾರು ಹಿಡಿಯುವಂಥದು. ಮುಚ್ಚಳ ತೆರೆದೊಡನೆ ಹದವಾದ ಮರದ ವಾಸನೆ. ಒಳಮೈಗೆ ಹೊದಿಸಿದ್ದುದು ಸ್ಪ್ಯಾನಿಷ್ ಸೀಡರ್ ಎಂಬ ಮರ. ಹೆಸರು ಹಾಗಿದ್ದರೂ ಅದು ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶದಲ್ಲಿ ಬೆಳೆಯುವ, ನಮ್ಮ ಬೇವಿನ ಕುಲಕ್ಕೇ ಸೇರಿದ ಮರ. ತೇವ ಹೆಚ್ಚಾದಾಗ ಹೀರಿ, ಕಡಮೆಯಾದಾಗ ಬಿಟ್ಟುಕೊಡುವುದು ಅದರ ಗುಣ. ಪೆಟ್ಟಿಗೆಯೊಳಗಿನ ಗಾಳಿಯಲ್ಲಿ ತೇವವು ನೂರಕ್ಕೆ 65ರಿಂದ 70, ಉಷ್ಣವು 18ರಿಂದ 21 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಿಗಾರಿಗೆ ಸುಖ. ತೇವ ತಗ್ಗಿದರೆ ಎಲೆ ಬಿರುಕು ಬಿಡುತ್ತದೆ, ಮೀರಿದರೆ ಬೂಷ್ಟು ಹಿಡಿಯುತ್ತದೆ. ಉಷ್ಣ ಏರಿದರೆ ಹೊಗೆಸೊಪ್ಪಿನ ಹುಳು ಮೊಟ್ಟೆಯೊಡೆದು ಎಲೆಯನ್ನು ಕೊರೆಯುತ್ತದೆ. ಅಕ್ಕನ ಮೆಣಸಿನಕಾಯಿ, ಅರಿಸಿನದ ಕೊಂಬುಗಳನ್ನು ಹುಡಿಮಾಡುವುದೂ ಅದೇ ಹುಳುವೇ.

"ಇದರಲ್ಲಿ ಜಾಗ ಸಾಲದು" ಎಂದರು ಭಾವನವರು. "ಒತ್ತಿ ಒತ್ತಿ ತುಂಬಿದರೆ ಗಾಳಿಯಾಡುವುದಿಲ್ಲ. ಹೊಸದು, ಹಳೆಯದು ಕಲೆತುಹೋಗುತ್ತದೆ. ಒಳ್ಳೆಯ ಸಿಗಾರು ಎರಡು ವರ್ಷವಾದರೂ ಸುಮ್ಮನೆ ಮಲಗಿದ್ದು ಪಕ್ವವಾಗಬೇಕು. ಅದಕ್ಕೇ ಐನೂರು ಹಿಡಿಯುವ ಬೀರುವನ್ನೇ ಮಾಡಿಸಿಬಿಡೋಣ ಎಂದಿದ್ದೇನೆ."

"ಐನೂರು!" ಎಂದಳು ಅಕ್ಕ. "ಬಾಯಿಯ ಅಳತೆಗೆ ಬೀರು ಮಾಡಿಸುತ್ತಾರೋ, ಬೀರುವಿನ ಅಳತೆಗೆ ಬಾಯಿಯನ್ನೋ? ಮನೆಯಲ್ಲಿ ಐನೂರಿದ್ದರೆ ಭಾನುವಾರ ವಾರಕ್ಕೆ ಎರಡು ಸಾರಿ ಬರುತ್ತದೆ."

"ಲೆಕ್ಕ ಹಾಕು. ವಾರಕ್ಕೊಂದರಂತೆ ಐನೂರು ಎಂದರೆ ಹೆಚ್ಚುಕಡಮೆ ಹತ್ತು ವರ್ಷ. ನನಗೀಗ ಅರವತ್ತನಾಲ್ಕು. ಇನ್ನು ಹತ್ತು ವರ್ಷ ಬದುಕುವ ಆಸೆಯಿಂದಲೇ ಕೇಳುತ್ತಿದ್ದೇನೆ."

ಅಕ್ಕ ತಟ್ಟನೆ ಸುಮ್ಮನಾದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, "ಬದುಕುವ ಆಸೆಗೆ ರಾಗಿ ತುಂಬಿಸುತ್ತಾರೆ, ಹೊಗೆ ತುಂಬಿಸುವುದಿಲ್ಲ" ಎಂದಳು.

ರಾಗಿಯ ಮಾತು ಬಂದುದೇ ತಡ, ಅದುವರೆಗೆ ಗೋಡೆಗೊರಗಿ ಅಡಿಕೆಯನ್ನು ಕತ್ತರಿಸುತ್ತಿದ್ದ ಅಮ್ಮ ತಲೆಯೆತ್ತಿದಳು. ಅಮ್ಮ ಹುಟ್ಟಿದ್ದು ಕೊರಟಗೆರೆಯ ಹತ್ತಿರದ ಹಳ್ಳಿಯಲ್ಲಿ. ಅವಳ ತೌರಿನ ಅಂಗಳದಲ್ಲಿ ಹಗೇವು ಇತ್ತು. ಪಟ್ಟಣದಲ್ಲಿ ಬೆಳೆದ ಮಕ್ಕಳಿಗೆ ಆ ಶಬ್ದ ತಿಳಿಯದಿರಬಹುದು. ಗಟ್ಟಿನೆಲದಲ್ಲಿ ಆಳವಾಗಿ ತೋಡಿ, ಒಡಲು ಅಗಲ, ಕೊರಳು ಕಿರಿದು ಆಗುವಂತೆ ಮಾಡಿ, ತಳಕ್ಕೂ ಬದಿಗೂ ಒಣಹುಲ್ಲು ಹಾಸಿ, ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುವ ನೆಲಗಣಜವೇ ಹಗೇವು. ರಾಗಿಯ ಕಾಳು ಸಣ್ಣದು, ಗಟ್ಟಿಯಾದುದು. ಚೆನ್ನಾಗಿ ಒಣಗಿಸಿ ಹೂತರೆ ವರ್ಷಗಟ್ಟಲೆ ಕೆಡುವುದಿಲ್ಲ. ಕಾಳುಗಳೂ ಅಲ್ಲಿ ಸಿಕ್ಕಿಬಿದ್ದ ಹುಳುಗಳೂ ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತದೆ, ಇಂಗಾಲಾಮ್ಲ ತುಂಬಿಕೊಳ್ಳುತ್ತದೆ, ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ.

"ಐನೂರೋ ಐವತ್ತೋ ಆಮೇಲೆ ನೋಡೋಣ" ಎಂದಳು ಅಮ್ಮ. "ಮೊದಲು ಹೇಳಿ, ದಿನಕ್ಕೆ ಎಷ್ಟು ಸಾರಿ ಬಾಯಿ ತೆಗೆಯುತ್ತೀರಿ ಇದರದು?"

ಭಾವನವರು ತುಸು ತಡವರಿಸಿದರು. ಸೇದುವುದು ವಾರಕ್ಕೊಂದೇ ಆದರೂ ನೋಡುವುದು ದಿನವೂ ಎಂದು ಒಪ್ಪಿಕೊಂಡರು.

"ಅದೇ ತಪ್ಪು. ನಮ್ಮಪ್ಪನ ಮನೆಯಲ್ಲಿ ಮೂರು ಇತ್ತು. ಹಗೇವು ಬರಗಾಲಕ್ಕೆ, ಅದರ ಬಾಯಿ ತೆಗೆಯುವುದೇ ಅಪರೂಪ. ಕಣಜ ವರ್ಷದ ಊಟಕ್ಕೆ. ಅದಕ್ಕೆ ಕೆಳಗೆ ಕೈ ಹಿಡಿಸುವಷ್ಟೇ ಕಂಡಿ. ಅಡುಗೆಮನೆಯ ಗಡಿಗೆ ದಿನದ ಹಿಟ್ಟಿಗೆ. ಹಗೇವಿಗೆ ದಿನಾ ಕೈ ಹಾಕುವ ಮನೆ ಉಳಿಯೋದಿಲ್ಲ. ತೆಗೆದ ದಿನ ಹಾಗೇ ಇಳಿಯುವ ಹಾಗೂ ಇರಲಿಲ್ಲ. ಬಾಯಿ ತೆರೆದು ಗಾಳಿಗೆ ಬಿಟ್ಟು, ಹಗ್ಗದಲ್ಲಿ ದೀಪ ಇಳಿಸುತ್ತಿದ್ದರು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಆತುರಕ್ಕೆ ಇಳಿದು ಪ್ರಾಣ ಬಿಟ್ಟವರುಂಟು."

ನಡುಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಭಾವನವರು ಎಂಜಿನಿಯರ್, ಸರಿಯಾದ ಮಾತನ್ನು ಕೇಳಿದರೆ ಯಾರು ಆಡಿದರೆಂದು ನೋಡುವವರಲ್ಲ. ಕಾಗದ, ಸೀಸದಕಡ್ಡಿ ತರಿಸಿದರು.

ಲೆಕ್ಕ ಹೀಗೆ ಸಾಗಿತು. ವಾರಕ್ಕೊಂದರಂತೆ ವರ್ಷಕ್ಕೆ 52. ಕೊಳ್ಳುವುದು ವರ್ಷಕ್ಕೆ ಒಂದೇ ಸಾರಿ, 52 ಮಾತ್ರ. ಪ್ರತಿಯೊಂದೂ ಎರಡು ವರ್ಷ ಮಲಗಿರಬೇಕಾದರೆ, ಹೊಸದು ಬಂದ ದಿನ ಮನೆಯಲ್ಲಿ ಇರುವುದು ಮೂರು ವರ್ಷದ ಸರಕು: ಹೊಸತು 52, ಒಂದು ವರ್ಷದ್ದು 52, ಸೇದಲು ಸಿದ್ಧವಾದುದು 52, ಒಟ್ಟು 156. ಅದಕ್ಕಿಂತ ಹೆಚ್ಚು ಎಂದಿಗೂ ಇರುವಂತಿಲ್ಲ. ಸಿಗಾರಿನ ದಪ್ಪವನ್ನು ಅಂಗುಲದ ಅರವತ್ತನಾಲ್ಕನೆಯ ಒಂದು ಪಾಲಿನಲ್ಲಿ ಅಳೆಯುವುದು ವಾಡಿಕೆ. ಭಾವನವರದು 50ರ ದಪ್ಪ, ಎಂದರೆ ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚು. ಉದ್ದ ಆರು ಅಂಗುಲ. ಒಂದಕ್ಕೆ ನಾಲ್ಕು ಘನ ಅಂಗುಲ ಹಿಡಿದರೆ 156ಕ್ಕೆ 624. ಪೆಟ್ಟಿಗೆಯ ಮುಕ್ಕಾಲು ಪಾಲು ಮಾತ್ರ ತುಂಬಿ, ಕಾಲು ಪಾಲನ್ನು ಗಾಳಿಯಾಡಲು ಬಿಡಬೇಕು. ಆದ್ದರಿಂದ ಒಳ ಅಳತೆ ಸುಮಾರು 832 ಘನ ಅಂಗುಲ. ಉದ್ದ 14, ಅಗಲ 10, ಎತ್ತರ 6 ಅಂಗುಲವೆಂದು ಇಟ್ಟುಕೊಂಡರೆ 840. ಬೀರುವಿನ ಕನಸು ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದ ಪೆಟ್ಟಿಗೆಯಾಗಿ ಇಳಿಯಿತು.

ಅಗತ್ಯಕ್ಕಿಂತ ದೊಡ್ಡದಾದರೆ ಏನು ನಷ್ಟ ಎಂದು ನಾನು ಕೇಳಿದೆ. ಅರ್ಧ ಖಾಲಿಯಾದ ಕಣಜದಲ್ಲಿ ಹುಳುವಿಗೆ ಹಬ್ಬ ಎಂದಳು ಅಮ್ಮ. ಭಾವನವರು ಅದನ್ನೇ ತಮ್ಮ ಶಾಸ್ತ್ರದಲ್ಲಿ ಹೇಳಿದರು. ತುಂಬಿದ ಪೆಟ್ಟಿಗೆಯಲ್ಲಿ ಎಲೆಯೂ ಮರವೂ ತಾವೇ ತೇವವನ್ನು ಹಿಡಿದಿಟ್ಟುಕೊಂಡಿರುತ್ತವೆ. ಮುಚ್ಚಳ ತೆರೆದಾಗ ಹೋದ ತೇವವನ್ನು ಬೇಗ ತುಂಬಿಕೊಡುತ್ತವೆ. ಖಾಲಿ ಪೆಟ್ಟಿಗೆಯಲ್ಲಿ ಇರುವುದು ಬರಿಯ ಗಾಳಿ. ತೆರೆದೊಡನೆ ಅದು ಹೋಗಿ ಪಾವಗಡದ ಗಾಳಿ ಬಂದು ಕೂರುತ್ತದೆ.

ಅಷ್ಟರಲ್ಲಿ ಅಕ್ಕನಿಗೆ ಪೆಟ್ಟಿಗೆಯೊಳಗಿನ ತೇವಮಾಪಕದ ಮೇಲೆ ಕಣ್ಣು ಬಿತ್ತು. ಮುಳ್ಳು 70ನ್ನು ತೋರಿಸುತ್ತಿತ್ತು. "ಎಲ್ಲ ಸರಿಯಾಗಿಯೇ ಇದೆ ಎನ್ನುತ್ತಿದೆಯಲ್ಲ, ಮತ್ತೆ ಎಲೆ ಏಕೆ ಸಿಪ್ಪೆ ಬಿಟ್ಟಿದೆ?" ಎಂದಳು. ಹಡಗಿನ ಎಂಜಿನಿಯರಿಗೆ ಮೂರು ವರ್ಷ ತೋಚದ ಪ್ರಶ್ನೆ! ಭಾವನವರು ಪೆಚ್ಚಾಗಿ ಎದ್ದು ಅಡುಗೆಮನೆಗೆ ಹೋದರು. ಒಂದು ಸೀಸೆಯ ಮುಚ್ಚಳದಲ್ಲಿ ಅಡುಗೆಯುಪ್ಪು ಹಾಕಿ, ಕರಗದಂತೆ ಬರಿಯ ಕೆಸರಾಗುವಷ್ಟು ನೀರು ಬೆರೆಸಿ, ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರು. ಒದ್ದೆಯುಪ್ಪಿನ ಮೇಲಿನ ಗಾಳಿಯಲ್ಲಿ ತೇವವು ಸದಾ ನೂರಕ್ಕೆ 75ರ ಹತ್ತಿರವೇ ನಿಲ್ಲುತ್ತದೆ. ಇದು ಉಪ್ಪಿನ ಸ್ವಭಾವ. ಮಾರನೆಯ ದಿನ ನೋಡಿದರೆ ಮಾಪಕದಲ್ಲಿ 83! ಎಂಟು ಅಂಕ ಹೆಚ್ಚಾಗಿ ಹೇಳುತ್ತಿದ್ದ ಸುಳ್ಳುಗಾರ ಅದು. ಪೆಟ್ಟಿಗೆಯಲ್ಲಿದ್ದುದು 70 ಅಲ್ಲ, 62. ದೊಡ್ಡ ಪೆಟ್ಟಿಗೆ ಕೊಳ್ಳುವವರು ಮೊದಲು ಸಣ್ಣ ಮುಳ್ಳನ್ನು ಪರೀಕ್ಷಿಸಬೇಕೆಂಬುದು ಅಂದು ತಿಳಿಯಿತು.

ಮುಂದಿನ ವಾರ ಭಾವನವರೂ ನಾನೂ ಶಿರಾಕ್ಕೆ ಹೋದೆವು. ಆಚಾರ್ರು ಹಿರಿಯರು, ಮಾತು ಕಡಮೆ. ಹಳೆಯ ಪೆಟ್ಟಿಗೆಯನ್ನು ಮೇಲೆ ಕೆಳಗೆ ಮಾಡಿ ನೋಡಿದರು, ಮೂಸಿದರು. ಅಮೆರಿಕದ ಆ ಮರ ಇಲ್ಲಿ ಸಿಕ್ಕುವುದು ಕಷ್ಟ. ಆದರೆ ಮರದ ವ್ಯಾಪಾರದಲ್ಲಿ ತೂನ್ ಎಂದು ಹೆಸರಾದ ನಮ್ಮ ದೇಶದ ಮರವು ಅದರ ಹತ್ತಿರದ ಬಂಧು. ಹಿಂದೆ ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಒಂದೇ ಪಂಗಡದಲ್ಲಿ ಸೇರಿಸಿದ್ದರು. ಹೊರಗೆ ತೇಗ, ಒಳಗೆ ತೂನಿನ ಹೊದಿಕೆ ಎಂದು ಗೊತ್ತಾಯಿತು. ಒಳಮೈಗೆ ಮೆರುಗೆಣ್ಣೆ ಬೇಡವೆಂದು ಭಾವನವರು ಹೇಳುವ ಮೊದಲೇ ಆಚಾರ್ರು, "ಒಳಗೆ ಬಳಿದರೆ ಮರ ಉಸಿರಾಡೋದು ಹೇಗೆ ಸ್ವಾಮಿ?" ಎಂದರು.

ನಾನು ಮುಂದಾಗಿ, ಇದು ಇಂಥಿಂಥ ಗುಣದ ಪೇಟಿಕೆ ಎಂದು ವಿವರಿಸಲು ತೊಡಗಿದೆ. ಅವರು ಪೂರ್ತಿ ಕೇಳಿ, "ಅಂದರೆ ಚುಟ್ಟದ ಕಣಜ ಅನ್ನಿ ಮೇಷ್ಟ್ರೇ" ಎಂದುಬಿಟ್ಟರು.

ನನ್ನ ಪಾಂಡಿತ್ಯ ಅಲ್ಲಿಯೇ ಶರಣಾಯಿತು. ಚುಟ್ಟವೆಂಬುದು ಆಂಧ್ರದ ಗಡಿಯ ನಮ್ಮ ಸೀಮೆಯ ಬಾಯಲ್ಲಿ ಹಳೆಯ ಮಾತು. ಇಂಗ್ಲಿಷರ ಚೆರೂಟ್ ಎಂಬ ಶಬ್ದ ಕೂಡ ತಮಿಳಿನ ಸುರುಟ್ಟುವಿನಿಂದ ಹೋದುದು. ನಮ್ಮ ಸುರುಳಿ, ಸುರುಟುಗಳಿಗೆ ನೆಂಟ. ಸುತ್ತಿದ ಎಲೆಗೆ ಸುತ್ತಿದ್ದು ಎಂದೇ ಹೆಸರು. ಇಷ್ಟೆಲ್ಲ ನಮ್ಮಲ್ಲೇ ಇರುವಾಗ ನಾನು ಸಂಸ್ಕೃತದ ಉಗ್ರಾಣಕ್ಕೆ ಓಡಿದ್ದೆ.

ಪೆಟ್ಟಿಗೆ ಸಿದ್ಧವಾದ ದಿನ ಆಚಾರ್ರು ಎರಡು ಪರೀಕ್ಷೆ ತೋರಿಸಿದರು. ಮುಚ್ಚಳವನ್ನು ಎತ್ತಿ ಕೈಬಿಟ್ಟರೆ ಅದು ದಡಾರನೆ ಬೀಳಲಿಲ್ಲ. ಒಳಗಿನ ಗಾಳಿಯನ್ನು ಮೆಲ್ಲನೆ ಹೊರಗೆ ತಳ್ಳುತ್ತ ಇಳಿದು ಕೂತಿತು. ಅಂಚಿನಲ್ಲಿ ಕಾಗದದ ಚೂರಿಟ್ಟು ಮುಚ್ಚಿ ಎಳೆದರೆ ನಾಲ್ಕು ಕಡೆಯೂ ಬಿಗಿಯಾಗಿ ಹಿಡಿಯಿತು. ಆದರೂ ಹೊಸ ಮರಕ್ಕೆ ದಾಹ ಹೆಚ್ಚು. ಸಿಗಾರನ್ನು ತಕ್ಷಣ ಇಟ್ಟರೆ ಅದರ ತೇವವನ್ನೇ ಕುಡಿದುಬಿಡುತ್ತದೆ. ಹೊಸ ಮಡಕೆಯನ್ನು ನೀರಿನಲ್ಲಿ ನೆನೆಸಿ ಪಳಗಿಸುವಂತೆ ಇದನ್ನೂ ಪಳಗಿಸಬೇಕು. ಪಾವಗಡದ ಕೊಳವೆಬಾವಿಯ ನೀರು ಫ್ಲೋರೈಡಿಗೆ ಹೆಸರಾದುದು. ಲವಣಗಳು ಮರದಲ್ಲಿ ಕೂರದಿರಲೆಂದು ಬ್ಯಾಟರಿ ಅಂಗಡಿಯಿಂದ ಬಟ್ಟಿಯಿಳಿಸಿದ ನೀರನ್ನು ತಂದು, ಬಟ್ಟಲಲ್ಲಿ ತುಂಬಿ, ಒಂದು ವಾರ ಖಾಲಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು. ಆ ಬಳಿಕ ಪಶ್ಚಿಮದ ಬಿಸಿಲು ತಾಗದ ಒಳಕೋಣೆಯಲ್ಲಿ ಅದಕ್ಕೆ ಸ್ಥಳವಾಯಿತು. ಚೈತ್ರ, ವೈಶಾಖಗಳಲ್ಲಿ ಆ ಕೋಣೆಯೂ ಕಾಯುವುದುಂಟು. ಅದಕ್ಕೇ ಹುಳುವಿನ ಭಯಕ್ಕೆ ಹೊಸ ಸರಕನ್ನು ಮೊದಲು ಮೂರು ನಾಲ್ಕು ದಿನ ಹಿಮಪೆಟ್ಟಿಗೆಯಲ್ಲಿಟ್ಟು ತೆಗೆಯಲು ಅಕ್ಕನ ಅನುಮತಿ ದೊರೆಯಿತು. ಎರಡು ಚೀಲದಲ್ಲಿ ಬಿಗಿದಿರಬೇಕು, ಹಾಲಿನ ಹತ್ತಿರ ಸುಳಿಯಬಾರದು ಎಂಬ ಷರತ್ತಿನ ಮೇಲೆ.

ಇನ್ನೊಂದು ಷರತ್ತನ್ನು ಅಮ್ಮ ಮೊದಲ ದಿನವೇ ಹಾಕಿದ್ದಳು. ದೊಡ್ಡ ಪೆಟ್ಟಿಗೆಗೆ ಬೀಗ. ಬೀಗದ ಕೈ ಅಕ್ಕನ ಸೆರಗಿನಲ್ಲಿ. ಮೂರು ತಿಂಗಳಿಗೊಮ್ಮೆ ಅವಳೇ ಬಾಯಿ ತೆರೆದು 13ನ್ನು ಎಣಿಸಿ ಕೊಡಬೇಕು. ಅವು ಹಳೆಯ ಪೆಟ್ಟಿಗೆಯಲ್ಲಿರುತ್ತವೆ; ಅಲ್ಲಿ ಉಳಿಯುವ ಖಾಲಿ ಜಾಗಕ್ಕೆ ತೂನಿನ ತುಂಡುಗಳನ್ನು ತುಂಬಿಸಬೇಕು. ಒಂದು ಹಗೇವು, ಒಂದು ಗಡಿಗೆ. ಉಗ್ರಾಣವನ್ನು ಎಷ್ಟು ದೊಡ್ಡದಾಗಿ ಕಟ್ಟಬೇಕೆಂಬುದನ್ನು ನಾವು ಸಾಮಾನ್ಯವಾಗಿ ಕೊಳ್ಳುವ ಕೈಯನ್ನು ಕೇಳುತ್ತೇವೆ. ಕೇಳಬೇಕಾದುದು ತೆಗೆಯುವ ಕೈಯನ್ನು. ರಾಗಿಗೂ, ಪುಸ್ತಕಕ್ಕೂ, ಸೀರೆಗೂ ಈ ಮಾತು ಸಲ್ಲುತ್ತದೆಂದು ನನಗೆ ತೋರುತ್ತದೆ. ನನ್ನ ಮನೆಯ ಪುಸ್ತಕದ ಕಪಾಟಿನ ವಿಷಯದಲ್ಲಿ ನನ್ನ ಹೆಂಡತಿ ಇದನ್ನು ಆಗಲೇ ಒಂದೆರಡು ಸಾರಿ ನೆನಪಿಸಿದ್ದಾಳೆ.

ಮೊನ್ನೆ ಕಾರ್ತಿಕದಲ್ಲಿ ಪಾವಗಡಕ್ಕೆ ಹೋಗಿದ್ದೆ. ಅಕ್ಕ ಮೂರು ತಿಂಗಳ ಪಾಲನ್ನು ಎಣಿಸಿ ಕೊಡುವ ದಿನವಾಗಿತ್ತು. ಹಳೆಯ ಪೆಟ್ಟಿಗೆಯನ್ನು ತೆರೆದು ನೋಡಿದರೆ ಹಿಂದಿನ ಪಾಲಿನಲ್ಲಿ ನಾಲ್ಕು ಹಾಗೆಯೇ ಮಲಗಿದ್ದವು. ಭಾವನವರು ಅವನ್ನು ನೋಡದವರಂತೆ ಕಿಟಕಿಯ ಕಡೆ ತಿರುಗಿ, ಈಚೆಗೆ ಭಾನುವಾರಗಳಲ್ಲಿ ಬೇವಿನ ಮರದ ಕೆಳಗೆ ಇರುವೆಗಳ ಕಾಟ ಹೆಚ್ಚಾಗಿದೆ ಎಂದರು.

ಅಕ್ಕ ಏನೂ ಹೇಳಲಿಲ್ಲ. ಒಂಬತ್ತನ್ನು ಮಾತ್ರ ಎಣಿಸಿ ಇಟ್ಟು, ದೊಡ್ಡ ಕಣಜದ ಮುಚ್ಚಳವನ್ನು ಕೈಬಿಟ್ಟಳು. ಅದು ಉಸಿರು ಬಿಟ್ಟಂತೆ ಮೆಲ್ಲನೆ ಇಳಿದು ಕೂತಿತು.